ಸಿಎಸ್‌ಆರ್ ಅಂದರೆ ದಾನ ಮಾತ್ರವಾ? ಕಂಪನಿ, ಕಾಲೇಜು ಸೇರಿ ಏನು ಮಾಡಬಹುದು?

ಕಾಮರ್ಸ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಅಧ್ಯಾಯ ಪ್ರತಿ ವರ್ಷ ಬರುತ್ತದೆ. ಅಮೆರಿಕದ ಪ್ರಾಧ್ಯಾಪಕ ಆರ್ಚಿ ಕ್ಯಾರಲ್ 1991ರಲ್ಲಿ ಕೊಟ್ಟ ಪಿರಮಿಡ್ಡನ್ನು ಬೋರ್ಡಿನ ಮೇಲೆ ಬಿಡಿಸುತ್ತೇನೆ. ತಳದಲ್ಲಿ ಲಾಭ, ಅದರ ಮೇಲೆ ಕಾನೂನು, ಅದರ ಮೇಲೆ ನೀತಿ, ತುದಿಯಲ್ಲಿ ದಾನ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬಿಡಿಸುತ್ತಾರೆ, ಅಂಕ ತಗೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು.

ಈ ಸಲ ಬೇರೆ ಥರ ಆಯಿತು. ‘ಯಾವುದಾದರೂ ಒಂದು ಸಂಸ್ಥೆ ಆರಿಸಿಕೊಳ್ಳಿ, ಅದರ ಸಾಮಾಜಿಕ ಹೊಣೆ ಏನು, ಎಷ್ಟು ನಿಭಾಯಿಸಿದೆ ನೋಡಿ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದೆ. ಎಲ್ಲರೂ ದೊಡ್ಡ ಕಂಪನಿಗಳನ್ನು ಹಿಡಿದರು. ನಾಲ್ಕು ಜನರ ಒಂದು ತಂಡ ಮಾತ್ರ ನಮ್ಮ ಕಾಲೇಜನ್ನೇ ಆರಿಸಿಕೊಂಡಿತು. ಮೂರು ವಾರ ಕಸ ಗುಡಿಸುವವರ ಜೊತೆ, ಸೆಕ್ಯುರಿಟಿಯವರ ಜೊತೆ ಕೂತು ಮಾತಾಡಿದರು.

ಅವರು ತಂದ ಹಾಳೆಯನ್ನು ನಾನು ಎರಡು ಸಲ ಓದಿದೆ. ಗುಡಿಸುವ ಒಂಬತ್ತು ಹೆಂಗಸರಲ್ಲಿ ಒಬ್ಬರಿಗೂ ಸಂಬಳದ ಚೀಟಿ ಸಿಗುವುದಿಲ್ಲ. ವರ್ಷಕ್ಕೆ ಒಂದೇ ಜೊತೆ ಕೈಗವಸು. ಅದು ಹರಿದ ಮೇಲೆ ಬರಿಗೈಯಲ್ಲೇ ಆಸಿಡ್ ಹಾಕಿ ಟಾಯ್ಲೆಟ್ ತೊಳೆಯುತ್ತಾರೆ. ಒಬ್ಬರ ಹೆಬ್ಬೆರಳಿನ ಚರ್ಮ ಸುಲಿದು ಬೆಳ್ಳಗಾಗಿದೆ, ಆ ಕೈಯಲ್ಲಿ ಉಪ್ಪು ಮುಟ್ಟಿದರೆ ಉರಿ ಅಂತ ಮಕ್ಕಳು ಬರೆದಿದ್ದರು. ಆಕೆಯನ್ನು ನಾನು ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ. ಕೈ ನೋಡಿರಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಕಂಪನಿಯೂ ಕಾಲೇಜೂ ಸೇರಿ ಈ ಹೊಣೆಯನ್ನು ನಿಜವಾಗಿ ಬೆಳೆಸುವುದು ಹೇಗೆ? ಒಂದು ದಿನದ ಕಾರ್ಯಕ್ರಮ, ಬ್ಯಾನರು, ಫೋಟೋ ಬೇಡ. ನಿಮ್ಮ ಕೆಲಸದಲ್ಲಿ ಕಂಡದ್ದನ್ನು ಹೇಳಿ.

ಲೆಕ್ಕಪತ್ರ

ಮೇಷ್ಟ್ರೇ, ಆ ನಾಲ್ಕು ಮಕ್ಕಳಿಗೆ ಪೂರ್ತಿ ಅಂಕ ಕೊಡಿ.

ನಾನು ಹದಿನೆಂಟು ವರ್ಷ ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲೇ ಇದ್ದೇನೆ. ಸಿಎಸ್‌ಆರ್ ಮಾತು ಬಂದಾಗೆಲ್ಲ ನನಗೆ ಒಬ್ಬ ಮನುಷ್ಯ ನೆನಪಾಗುತ್ತಾನೆ. ನಾನು ಮೊದಲು ಕೆಲಸ ಮಾಡಿದ ಕಡೆ ರಟ್ಟಿನ ಪೆಟ್ಟಿಗೆ ಮಾಡಿಕೊಡುತ್ತಿದ್ದವರು. ಏಳೆಂಟು ಜನ ಕೆಲಸಗಾರರ ಪುಟ್ಟ ಘಟಕ. ಬಿಲ್ ಪಾಸ್ ಆಗಲು ನಾಲ್ಕು ತಿಂಗಳು ಹಿಡಿಯುತ್ತಿತ್ತು. ಪ್ರತಿ ಶುಕ್ರವಾರ ಬಂದು ರಿಸೆಪ್ಷನ್ನಿನಲ್ಲಿ ನೀಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ‘ಮುಂದಿನ ವಾರ ನೋಡೋಣ’ ಅಂತ ಹೇಳಿ ಕಳಿಸುವುದು ನನ್ನ ಕೆಲಸ. ಹಣ ಇರಲಿಲ್ಲ ಅಂತಲ್ಲ. ಬ್ಯಾಂಕಿನಲ್ಲಿ ಇತ್ತು. ತಡ ಮಾಡಿದಷ್ಟೂ ನಮಗೆ ಬಡ್ಡಿ ಉಳಿತಾಯ.

ಅದೇ ವರ್ಷ ನಮ್ಮ ಕಂಪನಿ ಸಣ್ಣ ಉದ್ಯಮಿಗಳಿಗೆ ತರಬೇತಿ ಶಿಬಿರ ನಡೆಸಿತು. ವಾರ್ಷಿಕ ವರದಿಯಲ್ಲಿ ಅದಕ್ಕೆ ಎರಡು ಪುಟ. ಸಣ್ಣ ಉದ್ಯಮಕ್ಕೆ ನಿಜವಾಗಿ ಬೇಕಿದ್ದದ್ದು ಶಿಬಿರ ಅಲ್ಲ, ಬಿಲ್ಲಿನ ದುಡ್ಡು ಹೊತ್ತಿಗೆ ಸರಿಯಾಗಿ ಸಿಗುವುದು. ಭಾರತದಲ್ಲಿ ಇದಕ್ಕೆ 2006ರಿಂದಲೇ ಕಾನೂನಿದೆ. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು. ಯುರೋಪಿನಲ್ಲೂ 2011ರ ನಿರ್ದೇಶನವಿದೆ, ಕಂಪನಿ ಕಂಪನಿಗಳ ನಡುವೆ ಸಾಮಾನ್ಯವಾಗಿ 60 ದಿನ.

ನನ್ನ ಸಲಹೆ ಇಷ್ಟೇ. ಸಿಎಸ್‌ಆರ್ ಪಾಠ ದಾನದಿಂದ ಶುರುವಾಗಬಾರದು. ದುಡ್ಡು ಹೇಗೆ ಬಂತು ಅನ್ನುವುದರಿಂದ ಶುರುವಾಗಬೇಕು.

ನೇರಮಾತು

ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದದ್ದು ಇವತ್ತಿಗೂ ಗಟ್ಟಿ ವಾದ. ಮ್ಯಾನೇಜರ್ ಕೈಯಲ್ಲಿರುವುದು ಷೇರುದಾರರ ಹಣ. ಅದನ್ನು ತನಗೆ ಇಷ್ಟವಾದ ಸಮಾಜಸೇವೆಗೆ ಹಾಕಲು ಅವನು ಯಾರು? ಶಾಲೆ, ಆಸ್ಪತ್ರೆ ಕಟ್ಟುವುದು ಸರ್ಕಾರದ ಕೆಲಸ. ಕಂಪನಿ ಒಳ್ಳೆಯ ವಸ್ತು ಮಾಡಲಿ, ತೆರಿಗೆ ಕಟ್ಟಲಿ, ಸಂಬಳ ಕೊಡಲಿ. ಅಷ್ಟು ಸಾಕಲ್ವಾ?

ಲೆಕ್ಕಪತ್ರ

@ನೇರಮಾತು, ಬೇಸರ ಯಾಕೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಫ್ರೀಡ್‌ಮನ್ ಕೂಡ ಆಟದ ನಿಯಮದೊಳಗೆ, ಮೋಸವಿಲ್ಲದೆ ಲಾಭ ಮಾಡಬೇಕು ಅಂತ ಸೇರಿಸಿದ್ದರು. ಜನ ಆ ಭಾಗವನ್ನು ಬಿಟ್ಟುಬಿಡುತ್ತಾರೆ. ಅಷ್ಟನ್ನು ನಿಜವಾಗಿ ಪಾಲಿಸಿದರೂ ಪೆಟ್ಟಿಗೆಯವರ ಬಿಲ್ಲು ಹೊತ್ತಿಗೆ ಸರಿಯಾಗಿ ಪಾಸ್ ಆಗುತ್ತಿತ್ತು. ನೀವು ಹೇಳಿದ ಮೂರೂ ಕೆಲಸ ಸರಿಯಾಗಿ ಆದರೆ ಮುಕ್ಕಾಲು ಹೊಣೆ ಮುಗಿದಂತೆಯೇ.

ಇಂಜಿನಿಯರಿಂಗ್ ಮೇಡಂ

ಉಳಿದ ಕಾಲು ಭಾಗದ ಬಗ್ಗೆ ನಾನು ಹೇಳುತ್ತೇನೆ. ನಿಯಮವೇ ತಲುಪದ ಜಾಗಗಳಿವೆ.

ರಾಣಾ ಪ್ಲಾಜಾ ವಿಷಯವನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷ ತೆಗೆದುಕೊಳ್ಳುತ್ತೇನೆ. ಢಾಕಾ ಹತ್ತಿರದ ಎಂಟು ಮಹಡಿ ಕಟ್ಟಡ. 2013ರ ಏಪ್ರಿಲ್ 23ರಂದು ಗೋಡೆ, ಕಂಬಗಳಲ್ಲಿ ಬಿರುಕು ಕಂಡವು. ಜನರನ್ನು ಹೊರಗೆ ಕಳಿಸಿದರು. ಮಾರನೇ ದಿನ ಕೆಳಗಿದ್ದ ಬ್ಯಾಂಕ್ ತನ್ನ ಸಿಬ್ಬಂದಿಗೆ ಬರಬೇಡಿ ಅಂದಿತು. ಮೇಲಿನ ಗಾರ್ಮೆಂಟ್ಸ್ ಕೆಲಸಗಾರರನ್ನು ಮಾತ್ರ ಕೆಲಸಕ್ಕೆ ಬನ್ನಿ ಅಂದರು. ಬೆಳಿಗ್ಗೆ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಕೆಲವು ಕಾರ್ಖಾನೆಗಳಿಗೆ ಮೊದಲೇ ತಪಾಸಣೆ ಆಗಿತ್ತು, ಕಾಗದವೂ ಇತ್ತು. ತಪಾಸಣೆಯವರು ನೋಡಿದ್ದು ಬಾಲಕಾರ್ಮಿಕರು ಇದ್ದಾರಾ, ಕೆಲಸದ ಅವಧಿ ಎಷ್ಟು ಅಂತ. ಕಟ್ಟಡ ಭಾರ ತಡೆಯುತ್ತದಾ ಅನ್ನುವುದು ಅವರ ಪಟ್ಟಿಯಲ್ಲಿ ಇರಲಿಲ್ಲ.

ಬಟ್ಟೆ ಕೊಳ್ಳುತ್ತಿದ್ದ ಬ್ರ್ಯಾಂಡುಗಳು ಬೇರೆ ದೇಶದವು. ಕಾನೂನಿನ ಪ್ರಕಾರ ಆ ಕಟ್ಟಡ ಅವರದಲ್ಲ. ಆದರೆ ‘ಇಷ್ಟೇ ಬೆಲೆಗೆ, ಇಷ್ಟೇ ದಿನದಲ್ಲಿ ಬೇಕು’ ಅಂದವರು ಅವರೇ. ಆ ಒತ್ತಡ ಮಹಡಿಯಿಂದ ಮಹಡಿಗೆ ಇಳಿದು ಕೊನೆಗೆ ಹೊಲಿಗೆ ಯಂತ್ರದ ಮುಂದೆ ಕೂತವಳ ಮೇಲೆ ಬಿತ್ತು. ಮುಂದಿನ ತಿಂಗಳೇ ಬ್ರ್ಯಾಂಡುಗಳು ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ಒಂದು ಒಪ್ಪಂದ ಆಯಿತು. ಅದರ ವಿಶೇಷ ಅಂದರೆ, ಸುಮ್ನೆ ಭರವಸೆ ಅಲ್ಲ, ಕಾನೂನಿನಲ್ಲಿ ಕಟ್ಟುವ ಒಪ್ಪಂದ. ಬೆಂಕಿ, ವಿದ್ಯುತ್, ಕಟ್ಟಡ ಎಲ್ಲವನ್ನೂ ಇಂಜಿನಿಯರುಗಳೇ ಹೋಗಿ ಪರೀಕ್ಷಿಸಿದರು. ವರದಿಗಳನ್ನು ಯಾರು ಬೇಕಾದರೂ ಓದುವಂತೆ ಹೊರಗಿಟ್ಟರು.

ಇದನ್ನು ಹೇಳಿದಾಗ ತರಗತಿ ಸುಮ್ಮನಾಗುತ್ತದೆ. ಸಿವಿಲ್ ಓದುವ ಹುಡುಗರು ಬಿರುಕಿನ ಬಗ್ಗೆ ಕೇಳುತ್ತಾರೆ. ಒಬ್ಬ ಹುಡುಗಿ ಕೇಳಿದಳು: ‘ಮೇಡಂ, ಸಹಿ ಹಾಕು ಅಂತ ನನಗೆ ಮಾಲೀಕರು ಹೇಳಿದರೆ ನಾನು ಏನು ಮಾಡಬೇಕು?’ ಸಿಎಸ್‌ಆರ್ ಪಾಠ ಅಂದರೆ ನನ್ನ ಪಾಲಿಗೆ ಆ ಪ್ರಶ್ನೆ. ಅದಕ್ಕೆ ಕಾಲೇಜಿನಲ್ಲೇ ಅಭ್ಯಾಸ ಮಾಡಿಸಬೇಕು. ನಾನು ಈಗ ಅದನ್ನು ನಾಟಕದ ಥರ ಆಡಿಸುತ್ತೇನೆ. ಒಬ್ಬರು ಮಾಲೀಕರು, ಒಬ್ಬರು ಇಂಜಿನಿಯರ್. ‘ಸಹಿ ಹಾಕಲ್ಲ’ ಅಂತ ಹೇಳುವುದಕ್ಕೂ ಮಾತು ಬೇಕು. ಅದು ಒಂದೇ ಸಲಕ್ಕೆ ಬಾಯಿಗೆ ಬರುವುದಿಲ್ಲ.

ನೇರಮಾತು

ಒಪ್ಪಿದೆ ಮೇಡಂ. ನಾನು ದಾನದ ಬಗ್ಗೆ ಮಾತಾಡುತ್ತಿದ್ದೆ, ನೀವು ಜವಾಬ್ದಾರಿ ಬಗ್ಗೆ ಹೇಳುತ್ತಿದ್ದೀರಿ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದದ್ದೇ ಗೊಂದಲ ಅನಿಸುತ್ತದೆ.

ಜೊತೆಗಾರ್ತಿ

ನಾನು ಸ್ವಯಂಸೇವಾ ಸಂಸ್ಥೆಯಲ್ಲಿ ಇದ್ದೇನೆ. ಕಂಪನಿಯವರು, ಕಾಲೇಜಿನವರು ‘ಸೇವೆ’ ಮಾಡಲು ಬರುವುದು ನಮ್ಮ ಹತ್ತಿರ. ಹಾಗಾಗಿ ಆ ಕಡೆಯಿಂದ ಎರಡು ಮಾತು.

ನಾವು ಜೊತೆಗಿರುವ ಒಂದು ಶಾಲೆಯ ಕಾಂಪೌಂಡ್ ಗೋಡೆಗೆ ಒಂದೇ ವರ್ಷದಲ್ಲಿ ಮೂರು ಸಲ ಬಣ್ಣ ಬಳಿದರು. ಮೂರು ಬೇರೆ ಬೇರೆ ಕಂಪನಿ. ಮೊದಲು ಚಿಟ್ಟೆ, ಆಮೇಲೆ ಸೌರಮಂಡಲ, ಆಮೇಲೆ ಅದರ ಮೇಲೆಯೇ ಮತ್ತೆ ಚಿಟ್ಟೆ. ಬಂದವರು ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಸುಳ್ಳಿಲ್ಲ. ಆದರೆ ಹುಡುಗಿಯರ ಟಾಯ್ಲೆಟ್ಟಿನ ಚಿಲಕ ಅಷ್ಟೂ ದಿನ ಮುರಿದೇ ಇತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಬಣ್ಣದ ಡಬ್ಬಿ ಹಿಡಿದು ಬಂದ ನೂರಾರು ಜನರಲ್ಲಿ ಯಾರೂ ಆ ಹುಡುಗಿಯರನ್ನು ‘ನಿಮಗೆ ಏನು ಬೇಕು’ ಅಂತ ಕೇಳಲಿಲ್ಲ. ಕಡೆಗೆ ಚಿಲಕ ಹಾಕಿಸಿದ್ದು ಅಲ್ಲಿನ ಟೀಚರೊಬ್ಬರು, ತಮ್ಮ ಕೈಯಿಂದ.

ಇನ್ನೊಂದು. ಒಂದು ಕಂಪನಿಯ ಅಕೌಂಟೆಂಟ್ ಒಬ್ಬರು ವಾರಕ್ಕೆ ಎರಡು ಗಂಟೆ, ಒಂದು ವರ್ಷ ಪೂರ್ತಿ, ನಮ್ಮ ಲೆಕ್ಕದ ಪುಸ್ತಕ ಸರಿಮಾಡಲು ಬಂದರು. ಅವರ ಫೋಟೋ ಎಲ್ಲೂ ಬರಲಿಲ್ಲ. ಆದರೆ ಆ ವರ್ಷದಿಂದ ಆಡಿಟ್ ಸಮಯದಲ್ಲಿ ನಾವು ರಾತ್ರಿ ನಿದ್ದೆ ಮಾಡುತ್ತೇವೆ. ಅರವತ್ತು ಜನರ ಒಂದು ದಿನಕ್ಕಿಂತ ಒಬ್ಬರ ಒಂದು ವರ್ಷ ನಮಗೆ ಜಾಸ್ತಿ ಬೇಕು. ಕಂಪನಿಗಳು ನೌಕರರಿಗೆ ಸಂಬಳದ ಸಮಯದಲ್ಲೇ ಇಂಥ ಬಿಡುವು ಕೊಟ್ಟರೆ ಸಾಕು. ಗೊತ್ತಿರುವ ಕೆಲಸವನ್ನೇ ಗೊತ್ತಿಲ್ಲದವರಿಗೆ ಮಾಡಿಕೊಡುವುದು.

ಕೊನೇ ಸೆಮಿಸ್ಟರ್

ನಮ್ಮ ಕಾಲೇಜಿನಲ್ಲಿ ಇಷ್ಟು ಗಂಟೆ ಸಮಾಜಸೇವೆ ಕಡ್ಡಾಯ. ಸರ್ಟಿಫಿಕೇಟ್ ಇಲ್ಲದಿದ್ದರೆ ಹಾಲ್ ಟಿಕೆಟ್ ಕೊಡಲ್ಲ. ಹಾಗಾಗಿ ಎಲ್ಲರೂ ಸಹಿ ಹುಡುಕಿಕೊಂಡು ಓಡುತ್ತೇವೆ. ಕಡ್ಡಾಯ ಮಾಡುವುದೇ ತಪ್ಪಾ?

ಇಂಜಿನಿಯರಿಂಗ್ ಮೇಡಂ

ಕಡ್ಡಾಯ ಮಾಡುವುದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ. ಗಂಟೆ ಲೆಕ್ಕ ಹಾಕುವುದು ತಪ್ಪು. ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯ 2005ರ ಕತ್ರೀನಾ ಚಂಡಮಾರುತದ ನಂತರ ಪದವಿಗೆ ಸಮಾಜಸೇವೆ ಕಡ್ಡಾಯ ಮಾಡಿತು. ಆದರೆ ಅದನ್ನು ಪಾಠದ ಜೊತೆಗೇ ಕಟ್ಟಿತು. ನೀವು ಓದುವ ವಿಷಯಕ್ಕೂ ಮಾಡುವ ಸೇವೆಗೂ ನಂಟು ಇರಬೇಕು.

ಇದಕ್ಕಿಂತ ದೊಡ್ಡ ತೊಂದರೆ ಸೆಮಿಸ್ಟರ್. ನಮ್ಮ ಕ್ಯಾಲೆಂಡರ್ ನಾಲ್ಕೈದು ತಿಂಗಳಿನದು. ಜನರ ಕಷ್ಟಕ್ಕೆ ಸೆಮಿಸ್ಟರ್ ಇಲ್ಲ. ಮಕ್ಕಳು ಅರ್ಧ ಕೆಲಸ ಮಾಡಿ, ಪರೀಕ್ಷೆ ಬಂತು ಅಂತ ಹೊರಟು ಹೋಗುತ್ತಾರೆ. ಮುಂದಿನ ಬ್ಯಾಚ್ ಮತ್ತೆ ಮೊದಲಿನಿಂದ ಸರ್ವೆ ಶುರು ಮಾಡುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1995ರಲ್ಲಿ ಎಪಿಕ್ಸ್ ಅನ್ನುವ ಕಾರ್ಯಕ್ರಮ ಶುರು ಮಾಡಿದಾಗ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿತು. ಒಂದೇ ತಂಡದಲ್ಲಿ ಮೊದಲ ವರ್ಷದವರಿಂದ ಕೊನೇ ವರ್ಷದವರ ತನಕ ಇರುತ್ತಾರೆ. ಒಬ್ಬರು ಪಾಸಾಗಿ ಹೋದರೂ ತಂಡ ಹೋಗುವುದಿಲ್ಲ. ಒಂದು ಸಂಸ್ಥೆಯ ಜೊತೆ ವರ್ಷಗಟ್ಟಲೆ ಕೆಲಸ ನಡೆಯುತ್ತದೆ, ತಯಾರಿಸಿಕೊಟ್ಟ ಸಾಧನ ಕೆಟ್ಟರೆ ರಿಪೇರಿಗೂ ಅದೇ ತಂಡ ಇರುತ್ತದೆ.

ಕಂಪನಿಗಳು ಕಾಲೇಜಿನ ಜೊತೆ ಸೇರಬೇಕಾದ ಜಾಗ ಇದು. ಹಣ ಕೊಡುವುದಾದರೆ ಉದ್ಘಾಟನೆಗೆ ಬೇಡ, ಮೂರನೇ ವರ್ಷದ ರಿಪೇರಿಗೆ ಕೊಡಿ. ಆ ಬಾಬತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಾವು ಹಾಕಿಕೊಟ್ಟ ನೀರಿನ ಫಿಲ್ಟರ್ ಒಂದು, ಒಳಗಿನ ಕ್ಯಾಂಡಲ್ ಬದಲಿಸುವವರಿಲ್ಲದೆ ಎರಡು ವರ್ಷ ನಿಂತಿತ್ತು. ಮಕ್ಕಳು ಅದರ ಮೇಲೆ ಬ್ಯಾಗ್ ಇಡುತ್ತಿದ್ದರು. ಆ ತಪ್ಪು ನಮ್ಮದೇ.

ಎಚ್‌ಆರ್ ಡೆಸ್ಕ್

ಕಂಪನಿ ಒಳಗಿನಿಂದ ಬರೆಯುತ್ತಿದ್ದೇನೆ. ನೀವು ಹೇಳಿದ್ದೆಲ್ಲ ನಿಜ. ಆದರೆ ಒಳಗೆ ಒಳ್ಳೆಯ ಮನಸ್ಸಿನ ಜನ ಇಲ್ಲ ಅಂತ ಅಂದುಕೊಳ್ಳಬೇಡಿ.

ಭಾರತ 2013ರ ಕಂಪನಿ ಕಾಯ್ದೆಯಲ್ಲಿ ಸಿಎಸ್‌ಆರ್ ಸೇರಿಸಿ, 2014ರ ಏಪ್ರಿಲ್‌ನಿಂದ ಜಾರಿಗೆ ತಂದಿತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟು ಖರ್ಚು ಮಾಡಬೇಕು. ಮಾರಿಷಸ್ ಅದಕ್ಕೂ ಮೊದಲೇ, 2009ರಲ್ಲಿ, ಇಂಥದೇ ನಿಯಮ ಮಾಡಿತ್ತು. ಕಾನೂನು ಬಂದದ್ದರಿಂದ ಒಂದು ಒಳ್ಳೆಯದಾಯಿತು. ಆಡಳಿತ ಮಂಡಳಿಯ ಮೇಜಿನ ಮೇಲೆ ಈ ವಿಷಯ ಪ್ರತಿ ವರ್ಷ ಬರಲೇಬೇಕು. ಒಂದು ಕೆಟ್ಟದ್ದೂ ಆಯಿತು. ‘ಎರಡು ಪರ್ಸೆಂಟ್ ಕೊಟ್ಟೆವಲ್ಲ’ ಅನ್ನುವ ನೆಮ್ಮದಿ. ಮಿಕ್ಕ ತೊಂಬತ್ತೆಂಟರ ಬಗ್ಗೆ ಯಾರೂ ಕೇಳುವುದಿಲ್ಲ.

ನನ್ನ ಅನುಭವದಲ್ಲಿ ಬದಲಾವಣೆ ತಂದದ್ದು ಒಂದೇ. ಖರೀದಿ ವಿಭಾಗದ ಮುಖ್ಯಸ್ಥರ ಬೋನಸ್ ಮೊದಲು ಎಷ್ಟು ಅಗ್ಗಕ್ಕೆ ಕೊಂಡರು ಅನ್ನುವುದರ ಮೇಲೆ ಮಾತ್ರ ನಿಂತಿತ್ತು. ಅದಕ್ಕೆ ಎರಡು ಅಂಶ ಸೇರಿಸಿದೆವು: ಸಣ್ಣ ಪೂರೈಕೆದಾರರಿಗೆ ಎಷ್ಟು ದಿನದಲ್ಲಿ ಹಣ ಹೋಯಿತು, ಗುತ್ತಿಗೆ ಕೆಲಸಗಾರರ ದೂರು ಎಷ್ಟು ಬಗೆಹರಿಯಿತು. ಒಂದೇ ವರ್ಷದಲ್ಲಿ ನಮ್ಮ ಕಡೆ ಬಿಲ್ಲುಗಳು ಓಡತೊಡಗಿದವು. ಭಾಷಣ ಮಾಡಿದ್ದರೆ ಆಗುತ್ತಿರಲಿಲ್ಲ. ಸಿಎಸ್‌ಆರ್ ವಿಭಾಗ ಅಂತ ಮೂಲೆಯಲ್ಲಿ ಎರಡು ಕುರ್ಚಿ ಹಾಕಿದರೆ ಸಾಲದು. ಖರೀದಿಯವರು, ಫ್ಯಾಕ್ಟರಿ ಮ್ಯಾನೇಜರು, ಮಾರಾಟದವರು, ಇವರ ಕೆಲಸದ ಅಳತೆಯಲ್ಲೇ ಅದು ಇರಬೇಕು.

ಕೊನೇ ಸೆಮಿಸ್ಟರ್

ಸರ್, ನಮಗೆ ನೌಕರಿ ಬೇಕು. ಇಂಟರ್‌ವ್ಯೂನಲ್ಲಿ ಇಂಥದ್ದನ್ನೆಲ್ಲ ಕೇಳಿದರೆ ಕೆಲಸ ಕೊಡುತ್ತಾರಾ? ಮನಸ್ಸಿನಲ್ಲಿ ಇರುವುದನ್ನೇ ಕೇಳುತ್ತಿದ್ದೇನೆ. ಮನೆಯಲ್ಲಿ ಸಾಲ ಇದೆ.

ಪ್ಲೇಸ್‌ಮೆಂಟ್ ಕೋಣೆ

ತಮ್ಮಾ, ನಿನ್ನ ಭಯ ನನಗೆ ಅರ್ಥವಾಗುತ್ತದೆ. ಒಬ್ಬನೇ ಕೇಳುವುದು ಬೇಡ. ಅದು ನಮ್ಮ ಕೆಲಸ.

ನಾನು ಒಂದು ಕಾಲೇಜಿನ ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತೇನೆ. ಕಂಪನಿಗಳು ಕ್ಯಾಂಪಸ್ಸಿಗೆ ಬರುವ ಮೊದಲು ಒಂದು ಫಾರ್ಮ್ ತುಂಬುತ್ತವೆ. ಸಂಬಳ ಎಷ್ಟು, ಬಾಂಡ್ ಇದೆಯಾ, ಯಾವ ಊರು. ಕಳೆದ ವರ್ಷ ಅದಕ್ಕೆ ನಾಲ್ಕು ಪ್ರಶ್ನೆ ಸೇರಿಸಿದೆವು. ಗುತ್ತಿಗೆ ಕೆಲಸಗಾರರಿಗೆ ವಾರದ ರಜೆ ಮತ್ತು ಸಂಬಳದ ಚೀಟಿ ಇದೆಯಾ? ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇದೆಯಾ? ತ್ಯಾಜ್ಯ ಎಲ್ಲಿಗೆ ಹೋಗುತ್ತದೆ? ತಪ್ಪು ಕಂಡ ನೌಕರ ಯಾರಿಗೆ ಹೇಳಬೇಕು, ಹೇಳಿದರೆ ಅವನಿಗೆ ರಕ್ಷಣೆ ಏನು? ಉತ್ತರಗಳನ್ನು ನೋಟೀಸ್ ಬೋರ್ಡಿಗೆ ಹಾಕುತ್ತೇವೆ. ಯಾವ ಕಂಪನಿಯನ್ನೂ ಬರಬೇಡಿ ಅನ್ನುವುದಿಲ್ಲ. ಎರಡು ಕಂಪನಿ ಫಾರ್ಮ್ ವಾಪಸ್ ಕಳಿಸಿದವು. ಉಳಿದವರೆಲ್ಲ ತುಂಬಿದರು. ಒಬ್ಬ ಎಚ್‌ಆರ್ ಫೋನ್ ಮಾಡಿ ‘ನಾಲ್ಕನೇ ಪ್ರಶ್ನೆಗೆ ನಮ್ಮಲ್ಲಿ ಉತ್ತರವೇ ಇರಲಿಲ್ಲ, ಈಗ ನಿಯಮ ಬರೆಯುತ್ತಿದ್ದೇವೆ’ ಅಂದರು.

ಕಾಲೇಜಿಗೆ ತೂಕ ಇಲ್ಲ ಅಂತ ಯಾರೂ ಅಂದುಕೊಳ್ಳಬಾರದು. 1998ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಸೇರಿ ಒಂದು ಸಂಘಟನೆ ಕಟ್ಟಿದರು. ಅವರ ಪ್ರಶ್ನೆ ಸರಳ: ನಮ್ಮ ಕಾಲೇಜಿನ ಹೆಸರಿರುವ ಅಂಗಿಯನ್ನು ಹೊಲಿದವರು ಯಾರು? 2000ದಲ್ಲಿ ಕಾರ್ಖಾನೆಗಳನ್ನು ಸ್ವತಂತ್ರವಾಗಿ ಪರಿಶೀಲಿಸುವ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಹುಟ್ಟಿತು. 2009ರಲ್ಲಿ ಹೊಂಡುರಾಸ್‌ನ ಒಂದು ಉಡುಪು ಕಾರ್ಖಾನೆ, ಕೆಲಸಗಾರರು ಸಂಘ ಕಟ್ಟಿದ ಮೇಲೆ ಮುಚ್ಚಿತು. ವಿಶ್ವವಿದ್ಯಾಲಯಗಳು ಒಂದೊಂದಾಗಿ ಅದರ ಮಾಲೀಕ ಕಂಪನಿಗೆ ತಮ್ಮ ಹೆಸರಿನ ಉಡುಪು ಮಾಡಲು ಕೊಟ್ಟಿದ್ದ ಲೈಸೆನ್ಸ್ ನಿಲ್ಲಿಸಿದವು. ಅದೇ ವರ್ಷದ ನವೆಂಬರಿನಲ್ಲಿ ಕಂಪನಿ ಮಣಿಯಿತು. ಸುಮಾರು 1,200 ಕೆಲಸಗಾರರನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿತು.

ಅಂಗಿಯಿಂದ ಅಷ್ಟಾಗುವುದಾದರೆ ಕಾಲೇಜು ಕೊಳ್ಳುವ ಕಾಗದ, ಕಂಪ್ಯೂಟರು, ಕ್ಯಾಂಟೀನ್ ಗುತ್ತಿಗೆ, ಬಸ್ಸು ಎಲ್ಲದರಲ್ಲೂ ಆಗಬಹುದು.

ಲೆಕ್ಕಪತ್ರ

ಪಾಠ ಮಾಡುವವರಿಗೆ ಒಂದು ಅಭ್ಯಾಸ ಹೇಳುತ್ತೇನೆ, ನನಗೆ ಬಹಳ ಪ್ರಿಯವಾದದ್ದು. ಒಂದೇ ಕಂಪನಿಯ ಸಾಮಾಜಿಕ ಹೊಣೆಯ ಎರಡು ವರದಿ ತೆಗೆದುಕೊಳ್ಳಿ, ನಡುವೆ ಮೂರು ವರ್ಷ ಅಂತರ ಇರಲಿ. ಮೊದಲ ವರದಿಯಲ್ಲಿದ್ದ ಯಾವ ಅಂಕಿ ಎರಡನೆಯದರಲ್ಲಿ ಕಾಣೆಯಾಗಿದೆ ಹುಡುಕಿ. ನೀರಿನ ಬಳಕೆ ಇತ್ತು, ಈಗಿಲ್ಲ. ಅಪಘಾತದ ಲೆಕ್ಕದಲ್ಲಿ ಗುತ್ತಿಗೆಯವರೂ ಇದ್ದರು, ಈಗ ಕಾಯಂ ನೌಕರರು ಮಾತ್ರ. ಇಂಥ ವರದಿಗಳಿಗೆ ಮಾನದಂಡ ರೂಪಿಸಲು 1997ರಲ್ಲಿ ಶುರುವಾದ ಜಿಆರ್‌ಐ ಸಂಸ್ಥೆಯ ಮಾನದಂಡಗಳು ಉಚಿತವಾಗಿ ಸಿಗುತ್ತವೆ, ಏನೇನು ಹೇಳಬೇಕಿತ್ತು ಅಂತ ಅದರ ಜೊತೆ ಹೋಲಿಸಬಹುದು. ಮೊದಲ ಸಲ ಮಕ್ಕಳಿಗೆ ಏನೂ ಕಾಣುವುದಿಲ್ಲ. ಎರಡನೇ ಸಲ ಕಣ್ಣು ಬರುತ್ತದೆ. ಈ ಕಣ್ಣಿರುವ ಹುಡುಗ ನಾಳೆ ಕಂಪನಿ ಸೇರಿ ತಾನೇ ವರದಿ ಬರೆಯುವಾಗ ಒಂದು ಸಾಲು ಬಿಡುವ ಮೊದಲು ಯೋಚಿಸುತ್ತಾನೆ.

ಜೊತೆಗಾರ್ತಿ

ಇದಕ್ಕೊಂದು ಸೇರಿಸಿ. ಆ ವರದಿಯಲ್ಲಿ ‘ಫಲಾನುಭವಿಗಳು’ ಅಂತ ಬರುತ್ತಾರಲ್ಲ, ಅವರಲ್ಲಿ ಇಬ್ಬರನ್ನಾದರೂ ತರಗತಿಗೆ ಕರೆಸಿ, ಮಾತಾಡಿಸಿ. ಬಂದದ್ದಕ್ಕೆ ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಕೊಡಿ. ಅವರ ಒಂದು ದಿನದ ಕೂಲಿ ಹೋಗಿರುತ್ತದೆ.

ಕಾಮರ್ಸ್ ಮೇಷ್ಟ್ರು

ಎಲ್ಲವನ್ನೂ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ನಿನ್ನೆ ಆ ನಾಲ್ಕು ಮಕ್ಕಳ ಜೊತೆ ಪ್ರಿನ್ಸಿಪಾಲರ ಹತ್ತಿರ ಹೋಗಿದ್ದೆ. ಮೊದಲು ಅವರಿಗೆ ಸಿಟ್ಟು ಬಂತು. ‘ಗುತ್ತಿಗೆದಾರರನ್ನು ಕೇಳಿ, ನಮಗೇನು ಸಂಬಂಧ’ ಅಂದರು. ತಂಡದಲ್ಲಿದ್ದ ಹುಡುಗಿ ಮೆಲ್ಲಗೆ ಹೇಳಿದಳು: ‘ಸರ್, ಬಟ್ಟೆ ಬ್ರ್ಯಾಂಡಿನವರೂ ಹೀಗೇ ಹೇಳಿದ್ದರು.’ ರಾಣಾ ಪ್ಲಾಜಾ ವಿಷಯ ನಾನು ಇಲ್ಲಿಂದಲೇ ಅವರಿಗೆ ಓದಿ ಹೇಳಿದ್ದೆ.

ಪ್ರಿನ್ಸಿಪಾಲರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗುತ್ತಿಗೆ ಕಾಗದ ತರಿಸಿದರು. ನಾವೆಲ್ಲ ಅದನ್ನು ಮೊದಲ ಸಲ ನೋಡಿದ್ದು. ಅದರಲ್ಲಿ ಕೈಗವಸು ಅನ್ನುವ ಪದವೇ ಇಲ್ಲ. ಯಾರು ಎಲ್ಲರಿಗಿಂತ ಕಡಿಮೆ ಬೆಲೆ ಹೇಳುತ್ತಾರೋ ಅವರಿಗೆ ಅಂತಷ್ಟೇ ಇದೆ.

ಹೊಸ ಟೆಂಡರ್ ಮುಂದಿನ ತಿಂಗಳು. ಸಂಬಳದ ಚೀಟಿ, ತಿಂಗಳಿಗೊಂದು ಜೊತೆ ದಪ್ಪ ಕೈಗವಸು, ಆಸಿಡ್ ಬದಲು ಬೇರೆ ದ್ರಾವಣ, ವಾರದ ರಜೆ, ಇಷ್ಟನ್ನು ಸೇರಿಸಿ ಕರಡು ಬರೆಯಿರಿ ಅಂತ ಮಕ್ಕಳಿಗೇ ಒಪ್ಪಿಸಿದ್ದಾರೆ. ಕೈಗವಸನ್ನು ಇವತ್ತೇ ತರಿಸಿದೆವು. @ಜೊತೆಗಾರ್ತಿ ಮೇಡಂ, ನಿಮ್ಮ ಚಿಲಕದ ಮಾತು ನೆನಪಿಟ್ಟುಕೊಂಡು ಮೊದಲು ಆ ಒಂಬತ್ತು ಜನರನ್ನೇ ಕೇಳಿದೆವು. ನಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯ ಹೇಳಿದರು: ಬಟ್ಟೆ ಬದಲಿಸಲು, ಊಟಕ್ಕೆ ಕೂರಲು ಅವರಿಗೆ ಒಂದು ಕೋಣೆ ಬೇಕು. ಈಗ ಮೆಟ್ಟಿಲ ಕೆಳಗೆ ಕೂರುತ್ತಾರೆ.

@ಲೆಕ್ಕಪತ್ರ ಸರ್, ಟೆಂಡರಿನಲ್ಲಿ ಗುತ್ತಿಗೆದಾರರಿಗೆ ನಾವು ಹಣ ಕೊಡುವ ದಿನವನ್ನೂ ಬರೆಯಬೇಕಲ್ವಾ? ನಾವು ತಡ ಮಾಡಿದರೆ ಅವರೂ ಸಂಬಳ ತಡ ಮಾಡುತ್ತಾರೆ. ಅದನ್ನು ಹೇಗೆ ಬರೆಯುವುದು ಅಂತ ಒಂದು ಸಾಲು ಹೇಳಿಕೊಡಿ. ಸೋಮವಾರ ಕರಡು ಕೊಡಬೇಕು.

ಲೆಕ್ಕಪತ್ರ

ಖಂಡಿತ ಬರೆಯಬೇಕು ಮೇಷ್ಟ್ರೇ. ‘ಬಿಲ್ಲು ಬಂದ 15 ದಿನದೊಳಗೆ ಕಾಲೇಜು ಹಣ ಕೊಡುತ್ತದೆ. ಕಾಲೇಜಿನ ಹಣ ಬರಲಿ ಬಿಡಲಿ, ಪ್ರತಿ ತಿಂಗಳ 7ನೇ ತಾರೀಖಿನೊಳಗೆ ಕೆಲಸಗಾರರ ಬ್ಯಾಂಕ್ ಖಾತೆಗೆ ಸಂಬಳ ಹೋಗಬೇಕು.’ ಹೀಗೆ ಎರಡೂ ಕಡೆಯವರನ್ನು ಕಟ್ಟಿ. ಕರಡು ಮುಗಿದ ಮೇಲೆ ಇಲ್ಲಿ ಹಾಕಿ, ಭಾನುವಾರ ರಾತ್ರಿ ಕೂತು ನೋಡುತ್ತೇನೆ.